ಪುಟ್ಟ ಮಕ್ಕಳ ಜೊತೆ ಒಂದು ರಾತ್ರಿ ಟೆಂಟು, ಒಂದು ಬೆಳಿಗ್ಗೆ ಬೆಟ್ಟ: ದೇವರಾಯನದುರ್ಗದ ಕಡೆ ನಾವು ಮಾಡೋ ರೀತಿ

ಮಕ್ಕಳನ್ನ ಕರ್ಕೊಂಡು ಕ್ಯಾಂಪಿಂಗ್ ಹೋದ್ರೆ ಟ್ರಿಪ್ ಕೆಡೋದು ಸಾಮಾನ್ಯವಾಗಿ ರಾತ್ರಿ ಎರಡು ಗಂಟೆಗೆ, ಟೆಂಟೊಳಗೆ. ಬೆಟ್ಟ ಹತ್ತೋದು, ಸುಸ್ತಾಗೋದು, ಬಿದ್ದು ಮಂಡಿ ತರಚ್ಕೊಳ್ಳೋದು ಇವೆಲ್ಲ ಹೆಂಗೋ ಸುಧಾರಿಸತ್ತೆ, ಒಂದು ಚಿಕ್ಕಿ ಕೈಗಿಟ್ರೆ ಅಳು ನಿಲ್ಲತ್ತೆ. ಆದ್ರೆ ರಾತ್ರಿ ಚಳಿಗೆ ಎದ್ದು ಕೂತು, ಕತ್ತಲಿಗೆ ಹೆದರಿ, ಹಾಸಿಗೆ ಒದ್ದೆ ಮಾಡ್ಕೊಂಡು ಅತ್ತ ಮಗು ಮಾರನೇ ದಿನ ಹತ್ತು ಹೆಜ್ಜೆನೂ ನಡೆಯಲ್ಲ, ಮುಂದಿನ ಸಲ ಟೆಂಟು ಅಂದ್ರೆ ಬೇಡ ಅನ್ನತ್ತೆ. ಅದಕ್ಕೆ ನಾನು ಪ್ಲಾನ್ ಮಾಡೋವಾಗ ಮೊದಲು ರಾತ್ರಿ ನಿದ್ದೆ ನೋಡ್ತೀನಿ, ಆಮೇಲೆ ಊಟ, ಕೊನೆಗೆ ಬೆಟ್ಟ. ನಮ್ಮನೇಲಿ ದೊಡ್ಡವಳಿಗೆ ಏಳು ವರ್ಷ, ಚಿಕ್ಕವನಿಗೆ ನಾಲ್ಕು. ಈ ವಯಸ್ಸಿನ ಮಕ್ಕಳಿರೋರಿಗೆ ಅಂತಲೇ ಬರೀತಿದೀನಿ.

ಜಾಗ ಯಾವ್ದು ಅನ್ನೋದು ಮೊದಲ ಪ್ರಶ್ನೆ. ಮೊದಲ ಸಲಕ್ಕೆ ದಯವಿಟ್ಟು ಮಲೆನಾಡು ಬೇಡ. ಮಳೆಗಾಲದಲ್ಲಿ ಅಲ್ಲಿ ಇಂಬಳ, ಮಕ್ಕಳ ಕಾಲಿಗೆ ಒಂದು ಹತ್ತಿದ್ರೂ ಸಾಕು, ಅವತ್ತಿನ ದಿನ ಮುಗೀತು. ಮಳೆ ನಿಂತ ಮೇಲೆ ಹೋಗೋಣ ಅಂದ್ರೆ ಸುಮಾರು ನವೆಂಬರಿಂದ ಮೇವರೆಗೆ ಉಣುಗಿನ ಕಾಲ, ಶಿವಮೊಗ್ಗ, ಉತ್ತರ ಕನ್ನಡ ಕಡೆ ಕಾಡಲ್ಲಿ ಮಂಗನ ಕಾಯಿಲೆ ಹರಡೋದು ಆ ಉಣುಗಿಂದಲೇ, 1957ರಲ್ಲಿ ಅದು ಮೊದಲು ಗೊತ್ತಾಗಿದ್ದು ಸೊರಬ ತಾಲೂಕಿನ ಕ್ಯಾಸನೂರು ಕಾಡಲ್ಲಿ. ದೊಡ್ಡೋರು ಎಚ್ಚರಿಕೆಯಿಂದ ಹೋಗಿ ಬರಬಹುದು, ಆದ್ರೆ ನಾಲ್ಕು ವರ್ಷದ್ದಕ್ಕೆ ತರಗೆಲೆ ಮೇಲೆ ಕೂರ್ಬೇಡ ಅಂತ ದಿನವಿಡೀ ಹೇಳ್ಕೊಂಡು ತಿರುಗೋದು ಯಾರಿಗೂ ಸುಖ ಅಲ್ಲ. ಬಯಲುಸೀಮೆ ಬೆಟ್ಟಗಳು ಶುರು ಮಾಡೋಕೆ ಒಳ್ಳೇದು, ಬೆಂಗಳೂರಿಗೆ ಹತ್ತಿರ, ಡಿಸೆಂಬರ್ ಜನವರಿಲಿ ಆಕಾಶ ತಿಳಿಯಾಗಿರತ್ತೆ, ಏನಾದ್ರೂ ಹೆಚ್ಚುಕಮ್ಮಿ ಆದ್ರೆ ಎರಡು ಗಂಟೇಲಿ ಮನೇಲಿರಬಹುದು.

ನಾವು ಮತ್ತೆ ಮತ್ತೆ ಹೋಗೋದು ತುಮಕೂರಿನ ದೇವರಾಯನದುರ್ಗದ ಕಡೆಗೆ, ಬೆಂಗಳೂರಿಂದ ಸುಮಾರು 70 ಕಿ.ಮೀ. ಒಂದು ವಿಷಯ ಸ್ಪಷ್ಟವಾಗಿ ತಿಳ್ಕೊಳ್ಳಿ, ಬೆಟ್ಟದ ಸುತ್ತ ಇರೋದು ಅರಣ್ಯ ಇಲಾಖೆ ಕಾಡು, ಅಲ್ಲಿ ಅನುಮತಿ ಇಲ್ದೆ ಟೆಂಟ್ ಹಾಕಿ ರಾತ್ರಿ ಉಳಿಯೋ ಹಾಗಿಲ್ಲ, ಚಿರತೆ ಕರಡಿ ಎರಡೂ ಇರೋ ಕಾಡು ಅದು. ಹಂಗಾಗಿ ಟೆಂಟು ಕಾಡಿನ ಹೊರಗೆ, ಊರ್ಡಿಗೆರೆ ಕಡೆ ಪರಿಚಯದವರ ತೆಂಗಿನ ತೋಟದಲ್ಲಿ, ಬೆಟ್ಟ ಮಾತ್ರ ಹಗಲಲ್ಲಿ. ತೋಟ ಇರೋರು ನಿಮ್ಮ ನೆಂಟರಲ್ಲೂ ಯಾರಾದ್ರೂ ಇದ್ದೇ ಇರ್ತಾರೆ, ಕೇಳಿ ನೋಡಿ, ಹಳ್ಳಿ ಕಡೆ ಮಕ್ಕಳು ಬರ್ತಾರೆ ಅಂದ್ರೆ ಖುಷಿಪಡ್ತಾರೆ. ಅದೂ ಆಗಲ್ಲ ಅಂದ್ರೆ ಸರ್ಕಾರದ ಜಂಗಲ್ ಲಾಡ್ಜಸ್‌ನೋರ ಕ್ಯಾಂಪುಗಳಿವೆ, ಕಾವೇರಿ ಪಕ್ಕದ ಗಾಳಿಬೋರೆ, ಬಿಳಿಗಿರಿರಂಗನ ಬೆಟ್ಟದ ಕೆ. ಗುಡಿ, ಅಲ್ಲಿ ಟೆಂಟೊಳಗೇ ಮಂಚ ಬಾತ್‌ರೂಮು ಎಲ್ಲಾ ಇರತ್ತೆ, ದುಡ್ಡು ಜಾಸ್ತಿ ಆಗತ್ತೆ ಆದ್ರೆ ಮೂರು ವರ್ಷದ ಒಳಗಿನ ಮಗು ಇದ್ರೆ ನಾನು ಅದನ್ನೇ ಹೇಳೋದು.

ಹೊರಡೋಕೆ ಒಂದು ವಾರ ಮುಂಚೆ ಮನೆ ಟೆರೇಸ್ ಮೇಲೆ ಟೆಂಟ್ ಹಾಕಿ ಒಂದು ರಾತ್ರಿ ಮಲಗಿ. ಇದನ್ನ ದಯವಿಟ್ಟು ಬಿಡ್ಬೇಡಿ. ಗೂಟ ಹೊಡೆಯೋಕೆ ಆಗಲ್ಲ, ನಾಲ್ಕು ಮೂಲೆಗೆ ಇಟ್ಟಿಗೆ ಇಡಿ ಸಾಕು. ಟೆಂಟ್ ಹಾಕೋಕೆ ಎಷ್ಟು ಹೊತ್ತು ಬೇಕು, ಯಾವ ಕಡ್ಡಿ ಯಾವುದಕ್ಕೆ ಸೇರತ್ತೆ, ಜಿಪ್ ಎಲ್ಲಿ ಸಿಕ್ಕಾಕೊಳ್ಳತ್ತೆ ಎಲ್ಲಾ ಅವತ್ತೇ ಗೊತ್ತಾಗತ್ತೆ. ಅದಕ್ಕಿಂತ ಮುಖ್ಯ ಅಂದ್ರೆ ಮಗುಗೆ ಟೆಂಟು ಹೊಸ ಜಾಗ ಅನ್ಸೋದು ಹೋಗ್ಬಿಡತ್ತೆ. ಚಿಕ್ಕವನು ಟೆರೇಸ್ ಮೇಲೆ ಹತ್ತೂವರೆಗೆ ಎದ್ದು "ಅಮ್ಮ, ಕೆಳಗೆ ಹೋಗಣ" ಅಂದ, ಹೋದ್ವಿ, ಬೇಜಾರೇನಿಲ್ಲ, ಮಾರನೇ ಶನಿವಾರ ಮತ್ತೆ ಹಾಕಿದ್ವಿ, ಆವಾಗ ಬೆಳಿಗ್ಗೆವರೆಗೂ ಮಲಗಿದ. ತೋಟದಲ್ಲಿ ಹಂಗೆ ಕೆಳಗೆ ಹೋಗಣ ಅಂದಿದ್ರೆ ಎಲ್ಲಿಗೆ ಕರ್ಕೊಂಡು ಹೋಗ್ಲಿ ಹೇಳಿ.

ಟೆಂಟು ತಗೊಳ್ಳೋವಾಗ ನಾಲ್ಕು ಜನಕ್ಕೆ ಅಂತ ಬಾಕ್ಸ್ ಮೇಲೆ ಬರೆದಿದ್ರೆ ಇಬ್ರು ದೊಡ್ಡೋರು ಇಬ್ರು ಚಿಕ್ಕ ಮಕ್ಕಳಿಗೆ ಸರಿಯಾಗತ್ತೆ, ಬ್ಯಾಗಿಗೆ ಜಾಗ ಇರಲ್ಲ, ಬ್ಯಾಗೆಲ್ಲ ಕಾರಲ್ಲೇ. ಎರಡು ಪದರ ಇರೋದೇ ತಗೊಳ್ಳಿ, ಒಳಗೆ ಬಲೆ ಹೊರಗೆ ಮಳೆಹೊದಿಕೆ. ಒಂದೇ ಪದರದ್ದು ಅಗ್ಗಕ್ಕೆ ಸಿಗತ್ತೆ, ಆದ್ರೆ ನಾಲ್ಕು ಜನ ರಾತ್ರಿಯೆಲ್ಲ ಉಸಿರಾಡಿದ್ದು ಒಳಗಡೆ ನೀರಾಗಿ ಕೂತು ಬೆಳಗಿನ ಜಾವ ಮಕ್ಕಳ ಮೇಲೆ ತೊಟ್ಟಿಕ್ಕತ್ತೆ. ಎರಡು ಪದರ ಇದ್ರೂ ಮೇಲಿನ ಗಾಳಿಕಿಂಡಿ ಮುಚ್ಬೇಡಿ, ಚಳಿ ಅಂತ ಎಲ್ಲಾ ಮುಚ್ಚಿ ಮಲಗಿದ್ರೆ ಒದ್ದೆಯಾಗೋದು ಗ್ಯಾರಂಟಿ, ಒದ್ದೆ ಆದ್ಮೇಲೆ ಚಳಿ ಇನ್ನೂ ಜಾಸ್ತಿ.

ಈಗ ತೋಟದಲ್ಲಿ ಜಾಗ ನೋಡೋದು. ತೆಂಗಿನ ಮರದ ಕೆಳಗೆ ಟೆಂಟ್ ಬೇಡ್ವೇ ಬೇಡ, ನೆರಳು ಚೆನ್ನಾಗಿದೆ ಅಂತ ಆಸೆ ಆಗತ್ತೆ, ಆದ್ರೆ ರಾತ್ರಿ ಗಾಳಿಗೆ ಒಂದು ಒಣಗಿದ ಗರಿ ಬಿದ್ರೂ ಏಟು ಸಣ್ಣದಲ್ಲ, ಕಾಯಿ ಬಿದ್ರಂತೂ ಕೇಳೋದೇ ಬೇಡ. ಮರಗಳ ಎತ್ತರಕ್ಕಿಂತ ದೂರ ಇರೋ ಖಾಲಿ ಜಾಗ ನೋಡಿ, ಕಣ ಖಾಲಿ ಇದ್ರೆ ಅದೇ ಬೆಸ್ಟು, ನೆಲ ಗಟ್ಟಿ, ಸಮತಟ್ಟು, ಹುಲ್ಲು ಪೊದೆ ಇರಲ್ಲ. ಕಲ್ಲುರಾಶಿ, ಸೌದೆ ರಾಶಿ, ಹುಲ್ಲಿನ ಮೆದೆ ಇವುಗಳಿಂದ ದೂರ, ಯಾಕಂದ್ರೆ ಚೇಳು ಹಾವು ಇರೋದೇ ಅಲ್ಲಿ. ಸ್ವಲ್ಪ ಇಳಿಜಾರು ಇದ್ರೆ ತಲೆ ಎತ್ತರದ ಕಡೆಗೆ ಬರೋ ಹಾಗೆ ಹಾಕಿ, ಬಾಗಿಲು ಪೂರ್ವಕ್ಕಿದ್ರೆ ಬೆಳಿಗ್ಗೆ ಬಿಸಿಲು ನೇರ ಒಳಗೆ ಬರತ್ತೆ. ಕೆಳಗೆ ಹಾಸೋ ಟಾರ್ಪಾಲು ಟೆಂಟಿನ ತಳಕ್ಕಿಂತ ಸ್ವಲ್ಪ ಚಿಕ್ಕದಾಗಿ ಮಡಚಿ, ಹೊರಗೆ ಚಾಚಿಕೊಂಡಿದ್ರೆ ಮಂಜು ಮಳೆ ನೀರೆಲ್ಲ ಅದರ ಮೇಲೆ ಬಿದ್ದು ಟೆಂಟಿನ ಕೆಳಗೇ ಹರಿದು ಬರತ್ತೆ.

ತೋಟದಲ್ಲಿ ನನಗೆ ಹಾವಿಗಿಂತ ಜಾಸ್ತಿ ಭಯ ಇರೋದು ನೀರಿನದು. ಬಾವಿ ಕಣ್ಣಿಗೆ ಕಾಣತ್ತೆ, ಎಲ್ರೂ ಹುಷಾರಾಗಿರ್ತಾರೆ. ಕೃಷಿ ಹೊಂಡ ಹಂಗಲ್ಲ, ಈಜುಕೊಳದ ಥರ ಚೆಂದ ಕಾಣತ್ತೆ, ಸುತ್ತ ಪ್ಲಾಸ್ಟಿಕ್ ಹಾಸಿರ್ತಾರೆ, ಅದು ಪಾಚಿ ಕಟ್ಟಿ ಜಾರತ್ತೆ, ಒಂದ್ಸಲ ಒಳಗೆ ಜಾರಿದ್ರೆ ಈಜು ಬರೋ ದೊಡ್ಡೋರಿಗೂ ಹತ್ತಿ ಬರೋಕೆ ಹಿಡಿತ ಸಿಗಲ್ಲ. ಹೋದ ತಕ್ಷಣ, ಸಾಮಾನು ಇಳಿಸೋಕೂ ಮುಂಚೆ, ತೋಟದ ಯಜಮಾನರ ಜೊತೆ ಮಕ್ಕಳನ್ನ ಕರ್ಕೊಂಡು ಒಂದು ಸುತ್ತು ಹೊಡೀರಿ, ಬಾವಿ ಎಲ್ಲಿ, ಹೊಂಡ ಎಲ್ಲಿ, ಹಂದಿಗೆ ಅಂತ ಬೇಲಿಗೆ ಕರೆಂಟ್ ಬಿಡ್ತೀರಾ, ಬೋರ್‌ವೆಲ್ ಸ್ಟಾರ್ಟರ್ ಎಲ್ಲಿದೆ ಎಲ್ಲಾ ಕೇಳಿ. ಆಮೇಲೆ ಮಕ್ಕಳಿಗೆ ಗಡಿ ತೋರಿಸಿ, "ಈ ಹುಣಸೆ ಮರ ದಾಟಂಗಿಲ್ಲ" ಅಂತ. ಹೊಂಡ ಇರೋ ತೋಟದಲ್ಲಿ ನಮ್ಮನೆಯವ್ರು ನಾನು ಪಾಳಿ ಹಾಕ್ಕೋತೀವಿ, ಯಾರ ಪಾಳಿನೋ ಅವ್ರು ಅಡುಗೆ ಮಾಡಂಗಿಲ್ಲ ಫೋನ್ ನೋಡಂಗಿಲ್ಲ, ಮಕ್ಕಳನ್ನ ನೋಡೋದೊಂದೇ ಕೆಲಸ. ಇಬ್ರೂ ನೋಡ್ತಿದೀವಿ ಅಂದ್ಕೊಂಡಾಗ್ಲೇ ಯಾರೂ ನೋಡ್ತಿರಲ್ಲ.

ದಿನದ ಲೆಕ್ಕ ಹಿಂಗೆ ಇಟ್ಕೊಳ್ಳಿ. ಶನಿವಾರ ಬೆಳಿಗ್ಗೆ ಎಂಟಕ್ಕೆ ಹೊರಟ್ರೆ ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ, ಅಲ್ಲಿಂದ ನಾಮದ ಚಿಲುಮೆ. ಬಂಡೆಯಿಂದ ಸಣ್ಣಗೆ ನೀರು ಬರೋ ಜಾಗ ಅದು, ರಾಮ ಹಣೆಗೆ ನಾಮ ಹಚ್ಚಿಕೊಳ್ಳೋಕೆ ನೀರಿಲ್ದೆ ಬಾಣ ಹೊಡೆದು ನೀರು ತರಿಸಿದ ಅಂತ ಕತೆ, ಕತೆ ಹೇಳಿ ನೀರು ತೋರಿಸಿದ್ರೆ ಮಕ್ಕಳು ಅಲ್ಲೇ ಅರ್ಧ ಗಂಟೆ ಕೂರ್ತವೆ, ಪಕ್ಕದಲ್ಲೇ ಜಿಂಕೆ ನೋಡಬಹುದು. ಕಟ್ಕೊಂಡು ಹೋದ ಪುಳಿಯೋಗರೆ ತಿಂದು ಎರಡು ಮೂರು ಗಂಟೆಗೆ ತೋಟ ಸೇರಿದ್ರೆ ನಾಲ್ಕಕ್ಕೆ ಟೆಂಟು ನಿಂತಿರ್ಬೇಕು. ಡಿಸೆಂಬರಲ್ಲಿ ಆರಕ್ಕೆಲ್ಲ ಸೂರ್ಯ ಮುಳುಗ್ತಾನೆ, ಕತ್ತಲಲ್ಲಿ ಟೆಂಟ್ ಹಾಕೋಕೆ ಹೋದ್ರೆ ಅಪ್ಪ ಅಮ್ಮ ಒಬ್ರ ಮೇಲೊಬ್ರು ರೇಗಾಡ್ತಾರೆ, ಮಕ್ಕಳು ಅದನ್ನ ನೋಡಿನೇ ಅರ್ಧ ಹೆದರ್ತವೆ. ಟೆಂಟ್ ಹಾಕೋವಾಗ ಮಕ್ಕಳಿಗೂ ಕೆಲಸ ಕೊಡಿ, ಗೂಟ ಎಣಿಸಿ ಕೊಡೋದು ಚಿಕ್ಕವನದು, ಕಡ್ಡಿ ಜೋಡಿಸೋದು ದೊಡ್ಡವಳದು. ತಾವೇ ಕಟ್ಟಿದ ಮನೆಯಲ್ಲಿ ಮಲಗೋಕೆ ಮಕ್ಕಳಿಗೆ ಭಯ ಕಮ್ಮಿ.

ಊಟದಲ್ಲಿ ಹೊಸ ಪ್ರಯೋಗ ಬೇಡ. ಮನೇಲಿ ದಿನಾ ಏನು ತಿಂತಾರೋ ಅದೇ, ರಾತ್ರಿಗೆ ಬಿಸಿ ಅನ್ನ ತಿಳಿಸಾರು ತುಪ್ಪ, ಸಾರಿನ ಪುಡಿ ಹುಣಸೆಹಣ್ಣು ಮನೆಯಿಂದಲೇ. ಏಳು ಗಂಟೆಯೊಳಗೆ ಊಟ ಮುಗೀಬೇಕು. ಸಂಜೆ ಐದಕ್ಕೆ ತಿನ್ನೋಕೆ ಆ ಕಾಲದಲ್ಲಿ ಸಿಗೋದೇ ಸಾಕು, ಅವರೆಕಾಯಿ ಬೇಯಿಸಿ ಉಪ್ಪು ಹಾಕಿ ಕೊಟ್ರೆ ಸುಲ್ಕೊಂಡು ಸುಲ್ಕೊಂಡು ತಿಂತಾ ಕೂರ್ತವೆ, ಕಡ್ಲೆಕಾಯಿನೂ ಹಂಗೇ, ಗೆಣಸು ಕೆಂಡದಲ್ಲಿ ಸುಟ್ರೆ ಹೇಳೋದೇ ಬೇಡ. ಬೆಳಿಗ್ಗೆಗೆ ರಾಗಿ ಮಾಲ್ಟು, ಗೊಜ್ಜವಲಕ್ಕಿ. ದಾರಿಗೆ ಕೋಡುಬಳೆ, ತಂಬಿಟ್ಟು, ಬಾಳೆಹಣ್ಣು. ಚಿಪ್ಸು ಬಿಸ್ಕತ್ತು ಜಾಸ್ತಿ ಕೊಟ್ರೆ ಬಾಯಾರಿಕೆ ಆಗಿ ನೀರು ಕುಡಿದು ರಾತ್ರಿ ಏಳೋದು ಜಾಸ್ತಿ ಆಗತ್ತೆ, ಅಷ್ಟೇ. ಕುಡಿಯೋ ನೀರು 20 ಲೀಟರ್ ಕ್ಯಾನ್ ಒಂದು ಮನೆಯಿಂದಲೇ ಹಾಕ್ಕೊಳ್ಳಿ, ಬೋರ್‌ವೆಲ್ ನೀರು ಎಷ್ಟೇ ಚೆನ್ನಾಗಿದ್ರೂ ಮಕ್ಕಳಿಗೆ ಕುದಿಸಿ ಆರಿಸದೆ ಕೊಡ್ಬೇಡಿ. ಗ್ಯಾಸ್ ಸ್ಟವ್ ಆಗ್ಲಿ ಕೆಂಡ ಆಗ್ಲಿ ಚಳಿ ಅಂತ ಟೆಂಟೊಳಗೆ ತಗೊಂಡು ಹೋಗ್ಲೇಬಾರ್ದು, ಬೆಂಕಿ ಹತ್ಕೊಳ್ಳೋದು ಒಂದು ಭಯ, ಅದರಿಂದ ಬರೋ ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣ ಇಲ್ಲ ವಾಸನೆ ಇಲ್ಲ, ನಿದ್ದೇಲೇ ಜೀವ ಹೋಗತ್ತೆ.

ಬೆಂಕಿ ಮಾತು ಬಂತಲ್ಲ, ಕಾಡಲ್ಲಂತೂ ಬೆಂಕಿ ಹಾಕೋ ಹಾಗೇ ಇಲ್ಲ. ತೋಟದಲ್ಲಿ ಯಜಮಾನರು ಒಪ್ಪಿದ್ರೆ ಬರಿ ಮಣ್ಣಿನ ಮೇಲೆ, ಟೆಂಟಿಂದ ದೂರ, ಪಕ್ಕದಲ್ಲಿ ಎರಡು ಬಕೆಟ್ ನೀರಿಟ್ಕೊಂಡು. ಒಣಗಿದ ಗರಿ ಹಾಕಿದ್ರೆ ಭಗ್ ಅಂತ ಎದ್ದು ಕಿಡಿ ಹಾರತ್ತೆ, ತೆಂಗಿನ ಕರಟ ಹಾಕಿ, ನಿಧಾನಕ್ಕೆ ಉರಿದು ಒಳ್ಳೆ ಕೆಂಡ ಆಗತ್ತೆ. ಸುತ್ತ ರಂಗೋಲಿ ಪುಡೀಲಿ ಒಂದು ದೊಡ್ಡ ಗೆರೆ ಎಳೆದು ಮಕ್ಕಳು ಗೆರೆ ಆಚೆಗೇ ಅಂತ ಮೊದಲೇ ಹೇಳ್ತೀನಿ, ಬಾಯಲ್ಲಿ ಹತ್ತಿರ ಬರ್ಬೇಡ ಅಂದ್ರೆ ಹತ್ತಿರ ಅಂದ್ರೆ ಎಷ್ಟು ಅಂತ ಅವ್ರಿಗೆ ಗೊತ್ತಾಗಲ್ಲ, ಗೆರೆ ಅಂದ್ರೆ ಗೊತ್ತಾಗತ್ತೆ. ನೈಲಾನ್ ಬಟ್ಟೆ ಹಾಕ್ಬೇಡಿ ಆ ಹೊತ್ತಲ್ಲಿ, ಕಾಟನ್ನು ಉಣ್ಣೆದೇ ಇರ್ಲಿ.

ಊಟ ಆದ್ಮೇಲೆ ಟಾರ್ಚ್ ಎಲ್ಲಾ ಆರಿಸಿ ಹತ್ತು ನಿಮಿಷ ಸುಮ್ನೆ ಆಕಾಶ ನೋಡಿ. ಡಿಸೆಂಬರ್ ರಾತ್ರಿ ಎಂಟಕ್ಕೆ ಕೃತ್ತಿಕಾ ಮೇಲೆ ಬಂದಿರತ್ತೆ, ಪುಟ್ಟ ಗೊಂಚಲು, ಎಷ್ಟು ನಕ್ಷತ್ರ ಕಾಣತ್ತೆ ಅಂತ ಎಣಿಸೋಕೆ ಹೇಳಿ, ಪೂರ್ವಕ್ಕೆ ಮಹಾವ್ಯಾಧ, ನಡುಪಟ್ಟಿಯ ಮೂರು ನಕ್ಷತ್ರ ಹಿಡ್ಕೊಂಡ್ರೆ ಮಕ್ಕಳು ತಾವೇ ಹುಡುಕ್ತವೆ. ತಿಂಗಳ ಮಧ್ಯ 13, 14ನೇ ತಾರೀಕಿನ ಹತ್ತಿರ ಹೋದ್ರೆ ಉಲ್ಕೆಗಳೂ ಸಿಗತ್ತೆ. ಹಿಂಗೆ ಕತ್ತಲಲ್ಲಿ ಕೂತು ಕತ್ತಲಿಗೆ ಒಗ್ಗಿದ ಮೇಲೆ ಮಲಗೋಕೆ ಹೋದ್ರೆ ಹೆದರಿಕೆ ಕಮ್ಮಿ ಇರತ್ತೆ. ಶಬ್ದಗಳನ್ನೂ ಮುಂಚೆನೇ ಪರಿಚಯ ಮಾಡ್ಕೊಡಿ, ಇದು ಗೂಬೆ, ಅದು ದೂರದ ಊರಿನ ನಾಯಿ, ಇದು ಗಾಳಿಗೆ ಗರಿ ಉಜ್ಜೋ ಸದ್ದು ಅಂತ. ತೆಂಗಿನ ಗರಿ ಸದ್ದು ಥೇಟ್ ಮಳೆ ಬಂದ ಹಂಗೇ ಇರತ್ತೆ, ಮೊದಲ ಸಲ ನಾನೇ ಎದ್ದು ಕೂತಿದ್ದೆ.

ಇನ್ನು ನಿದ್ದೆ. ಚಳಿ ಬರೋದು ಮೇಲಿಂದ ಅಂದ್ಕೋತೀವಿ, ನಿಜವಾಗ್ಲೂ ಬರೋದು ನೆಲದಿಂದ. ಮೊದಲ ಟ್ರಿಪ್ಪಲ್ಲಿ ಗಾಳಿ ತುಂಬೋ ಹಾಸಿಗೆ ತಗೊಂಡು ಹೋಗಿದ್ವಿ, ಮೆತ್ತಗಿತ್ತು, ಆದ್ರೆ ಬೆಳಗಿನ ಜಾವಕ್ಕೆ ಅದರೊಳಗಿನ ಗಾಳಿಯೇ ತಣ್ಣಗಾಗಿ ಐಸ್ ಮೇಲೆ ಮಲಗ್ದಂಗಾಯ್ತು, ಮೇಲೆ ಎರಡು ಹೊದಿಕೆ ಇದ್ರೂ ಚಿಕ್ಕವನು ನಡುಗ್ತಿದ್ದ, ಮೂರು ಗಂಟೆಗೆ ಕಾರೊಳಗೆ ಎತ್ಕೊಂಡು ಹೋಗಿ ಮಲಗಿಸಿದ್ವಿ. ಈಗ ಕೆಳಗೆ ಫೋಮ್ ಮ್ಯಾಟು, ಅದರ ಮೇಲೆ ಜಮಖಾನೆ, ಅದರ ಮೇಲೆ ಕುರಿ ಕಂಬಳಿ, ಆಮೇಲೆ ಬೆಡ್‌ಶೀಟು. ಚಳ್ಳಕೆರೆ ಕಡೆ ಕಂಬಳಿ ಒಂದಿದ್ರೆ ಯಾವ ದುಬಾರಿ ಮ್ಯಾಟೂ ಬೇಕಾಗಲ್ಲ, ಚುಚ್ಚತ್ತೆ ಅಂತ ಮೇಲೊಂದು ಬಟ್ಟೆ ಹಾಸಿದ್ರಾಯ್ತು. ಡಿಸೆಂಬರ್ ಜನವರಿಲಿ ಬಯಲಲ್ಲಿ ಬೆಳಗಿನ ಜಾವ 15 ಡಿಗ್ರಿ ಅದಕ್ಕಿಂತ ಕೆಳಗೂ ಹೋಗತ್ತೆ, ಟೋಪಿ ಸಾಕ್ಸ್ ಹಾಕ್ಸಿ, ಆದ್ರೆ ಸಂಜೆ ಆಡಿ ಬೆವರಿದ ಬಟ್ಟೇಲಿ ಮಲಗಿಸ್ಬೇಡಿ, ಒಣಗಿದ ಬೇರೆ ಜೊತೆ ಬಟ್ಟೆ ಹಾಕ್ಸಿ, ಬೆವರು ಆರುವಾಗಲೇ ಮೈ ತಣ್ಣಗಾಗೋದು.

ಮಕ್ಕಳು ಮಧ್ಯ, ದೊಡ್ಡೋರು ಎರಡು ಅಂಚಿಗೆ. ಮನೇಲಿ ತಬ್ಕೊಂಡು ಮಲಗೋ ಗೊಂಬೆನೋ ಹಳೇ ಸೀರೆ ತುಂಡೋ ಏನಿದೆಯೋ ಅದು ಮರೀಬೇಡಿ, ಬೇರೆ ಏನು ಮರೆತ್ರೂ ಪರವಾಗಿಲ್ಲ. ಮಲಗೋಕೆ ಮುಂಚೆ ಒಂದ, ಆಮೇಲೆ ನೀವು ಮಲಗೋವಾಗ ಹನ್ನೊಂದು ಗಂಟೆ ಹೊತ್ತಿಗೆ ಎಬ್ಬಿಸಿ ಇನ್ನೊಂದು ಸಲ. ಚಿಕ್ಕವನಿಗೆ ಟೆಂಟಿನ ಹೊರಪದರ ಒಳಪದರ ಮಧ್ಯದ ಜಾಗದಲ್ಲೇ ಪಾಟಿ ಇಟ್ಟಿರ್ತೀನಿ. ಹೊರಗೆ ಹೋಗ್ಲೇಬೇಕು ಅಂದ್ರೆ ಟಾರ್ಚ್ ಬಿಟ್ಟು, ನೆಲ ನೋಡಿ, ಚಪ್ಪಲಿ ಕೊಡವಿ ಹಾಕ್ಕೊಂಡೇ ಕಾಲಿಡೋದು. ಶೂ ಚಪ್ಪಲಿ ಎಲ್ಲಾ ಒಂದು ಚೀಲಕ್ಕೆ ಹಾಕಿ ಗಂಟು ಕಟ್ಟಿ ಒಳಗೇ ಇಟ್ರೆ ಚೇಳು ಸೇರೋ ಚಿಂತೆ ಇಲ್ಲ. ಜಿಪ್ ಯಾವಾಗ್ಲೂ ಪೂರ್ತಿ ಹಾಕಿರ್ಬೇಕು, ಹಗಲಲ್ಲೂ. ಕಟ್ಟಹಾವು ರಾತ್ರಿ ಓಡಾಡೋ ಹಾವು, ನೆಲದ ಮೇಲೆ ಮಲಗಿರೋರಿಗೇ ಕಚ್ಚೋದು ಜಾಸ್ತಿ, ಕಚ್ಚಿದ್ದು ಎಷ್ಟೋ ಸಲ ನೋವೇ ಗೊತ್ತಾಗಲ್ಲ, ತಳ ಹೊಲಿದಿರೋ ಟೆಂಟಿಗೆ ಜಿಪ್ ಹಾಕಿದ್ರೆ ಆ ಅಪಾಯ ಬಹಳ ಮಟ್ಟಿಗೆ ತಪ್ಪತ್ತೆ. ಅಕಸ್ಮಾತ್ ಹಾವು ಕಚ್ಚಿದ್ರೆ ಕಟ್ಟು ಬಿಗಿಯೋದು, ಕೊಯ್ಯೋದು, ಬಾಯಲ್ಲಿ ಹೀರೋದು, ನಾಟಿ ಔಷಧಿ ಯಾವ್ದೂ ಬೇಡ, ಮಗುನ ನಡೆಸ್ದೆ ಎತ್ಕೊಂಡು ಸೀದಾ ತುಮಕೂರು ಜಿಲ್ಲಾ ಆಸ್ಪತ್ರೆಗೆ. 108ಕ್ಕೆ ಫೋನ್ ಮಾಡ್ಬಹುದು, ಕಾರು ಪಕ್ಕದಲ್ಲೇ ಇದ್ರೆ ಕಾಯ್ಬೇಡಿ. ಅದಕ್ಕೇ ಕಾರನ್ನ ಯಾವಾಗ್ಲೂ ರಸ್ತೆ ಕಡೆ ಮುಖ ಮಾಡಿ ನಿಲ್ಸಿ, ಕೀಲಿ ಒಂದೇ ಜಾಗದಲ್ಲಿರ್ಲಿ.

ಭಾನುವಾರ ಬೆಳಿಗ್ಗೆ ಬೆಟ್ಟ. ನಾವು ಏಳೂವರೆ ಎಂಟಕ್ಕೆ ಶುರು ಮಾಡ್ತೀವಿ, ಅದಕ್ಕಿಂತ ಮುಂಚೆ ಕಾಡಿನ ದಾರೀಲಿ ಮಕ್ಕಳ ಜೊತೆ ಬೇಡ, ಸಂಜೆನೂ ಐದರ ಮೇಲೆ ಬೇಡ, ಚಿರತೆ ಕರಡಿ ಓಡಾಡೋ ಹೊತ್ತದು. ಕೆಳಗೆ ಭೋಗ ನರಸಿಂಹನ ಗುಡಿ, ಮೇಲೆ ಯೋಗ ನರಸಿಂಹ, ಮಧ್ಯ ಮೆಟ್ಟಿಲು. ಮೇಲಿನವರೆಗೂ ರಸ್ತೆ ಇರೋದ್ರಿಂದ ನಮಗೆ ಒಂದು ಅನುಕೂಲ, ಒಬ್ರು ಕಾರು ತಗೊಂಡು ಮೇಲೆ ಹೋಗಿರ್ತೀವಿ, ಇನ್ನೊಬ್ರು ಮಕ್ಕಳ ಜೊತೆ ಹತ್ತೋದು, ಸುಸ್ತಾದ್ರೆ ಇಳಿಯೋದು ಕಾರಲ್ಲಿ. ಮಕ್ಕಳ ಮಂಡಿಗೆ ಹತ್ತೋದಕ್ಕಿಂತ ಇಳಿಯೋದೇ ಕಷ್ಟ, ಬೀಳೋದೂ ಇಳಿಯೋವಾಗಲೇ. ವೇಗದ ಲೆಕ್ಕ ಹಾಕೋವಾಗ ಮ್ಯಾಪು ಅರ್ಧ ಗಂಟೆ ಅಂದ್ರೆ ನಾವು ಒಂದೂವರೆ ಗಂಟೆ ಇಟ್ಕೋತೀವಿ. ಚಿಕ್ಕವನು ಎರಡು ಕಿ.ಮೀ. ಖುಷಿಯಾಗಿ ನಡೀತಾನೆ, ದೊಡ್ಡವಳು ನಾಲ್ಕು, ಅದರಾಚೆಗೆ ಇಬ್ರೂ ನಮ್ಮ ಮಾತಿಗೆ ನಡೀತಾರೆ, ಅಂಥ ನಡಿಗೆ ನನಗೆ ಬೇಡ. ಯಾವಾಗ್ಲೂ ಚಿಕ್ಕವರು ಮುಂದೆ ನಡೀಲಿ, ವೇಗ ಅವ್ರದ್ದೇ ಇರ್ಲಿ. ಅಪ್ಪ ಮುಂದೆ ಹೋಗಿ ಬಾ ಬಾ ಅಂತ ಕರೀತಿದ್ರೆ ಮಗುಗೆ ತಾನು ಹಿಂದೆ ಬಿದ್ದೆ ಅನ್ಸತ್ತೆ, ಕೂತ್ಕೊಂಡ್ಬಿಡತ್ತೆ.

"ಇನ್ನೆಷ್ಟು ದೂರ?" ಅಂತ ಕೇಳೋಕೆ ಶುರು ಮಾಡಿದ್ರೆ ದೂರ ಹೇಳ್ಬೇಡಿ, ಕೆಲಸ ಕೊಡಿ. ಮೆಟ್ಟಿಲು ಎಣಿಸೋದು, ಐದು ಥರದ ಎಲೆ ಹುಡುಕೋದು (ಕೀಳೋದಲ್ಲ, ಬಿದ್ದಿರೋದು), ಇರುವೆ ಸಾಲು ಎಲ್ಲಿಗೆ ಹೋಗತ್ತೆ ನೋಡೋದು. ಈ ಬೆಟ್ಟದಲ್ಲಿ ಹಳದಿ ಕತ್ತಿನ ಪಿಕಳಾರ ಅಂತ ಒಂದು ಹಕ್ಕಿ ಇದೆ, ದಕ್ಷಿಣ ಭಾರತದ ಕಲ್ಲುಬೆಟ್ಟಗಳಲ್ಲಿ ಬಿಟ್ರೆ ಜಗತ್ತಲ್ಲಿ ಬೇರೆಲ್ಲೂ ಇಲ್ಲ, ಇಲ್ಲಿಗೆ ಅದನ್ನ ನೋಡೋಕೆ ಅಂತಲೇ ಹಕ್ಕಿ ನೋಡೋರು ಬರ್ತಾರೆ. ನಮಗೆ ಮೂರು ಸಲ ಹೋದ್ಮೇಲೆ ಒಂದ್ಸಲ ಸಿಕ್ತು, ಅವತ್ತು ದೊಡ್ಡವಳು ಉಸಿರು ಬಿಗಿಹಿಡ್ಕೊಂಡು ನಿಂತಿದ್ದು ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದಂಗಿದೆ. ಜಯಮಂಗಲಿ ನದಿ ಹುಟ್ಟೋದೂ ಈ ಬೆಟ್ಟದಲ್ಲೇ, ಕೆಳಗೆ ಕಾಣೋ ಕೆರೆಗಳನ್ನ ತೋರಿಸಿ ಈ ನೀರು ಎಲ್ಲಿಗೆ ಹೋಗತ್ತೆ ಅಂತ ಮಾತಿಗೆಳೆದ್ರೆ ಇನ್ನೊಂದು ಹತ್ತು ನಿಮಿಷ ನಡೀತಾರೆ.

ಕೋತಿ ವಿಷಯ ಮಾತ್ರ ತಮಾಷೆ ಅಲ್ಲ. ದೇವಸ್ಥಾನದ ಹತ್ತಿರ ಮಕ್ಕಳ ಕೈಯಲ್ಲಿ ತಿಂಡಿ, ಪ್ಲಾಸ್ಟಿಕ್ ಕವರು, ಬಾಟ್ಲಿ ಯಾವ್ದೂ ಇರಬಾರ್ದು. ಕೋತಿ ಕೈ ಹಾಕಿದ್ರೆ ಬಿಟ್ಬಿಡೋಕೆ ಹೇಳಿ, ಎಳೆದಾಡಿದ್ರೆ ಕಚ್ಚತ್ತೆ, ಕಚ್ಚಿದ್ರೆ ತರಚಿದ್ರೆ ಹದಿನೈದು ನಿಮಿಷ ಸೋಪು ನೀರಲ್ಲಿ ತೊಳೆದು ಅವತ್ತೇ ರೇಬೀಸ್ ಇಂಜೆಕ್ಷನ್ನಿಗೆ ಹೋಗ್ಬೇಕು. ಬಂಡೆಗಳಲ್ಲಿ ಹೆಜ್ಜೇನು ಕಟ್ಟಿರತ್ತೆ, ಕೂಗಾಡೋದು ಕಲ್ಲು ಹೊಡೆಯೋದು ಬೇಡ, ಸೆಂಟು ಹಾಕ್ಕೊಂಡು ಹೋಗ್ಬೇಡಿ. ಬೆನ್ನಿಗೆ ಮಕ್ಕಳದ್ದೂ ಒಂದು ಪುಟ್ಟ ಬ್ಯಾಗ್ ಇರ್ಲಿ, ಅದರಲ್ಲಿ ಅರ್ಧ ಲೀಟರ್ ನೀರು, ಟೋಪಿ, ಒಂದು ಸೀಟಿ, ನಿಮ್ಮ ಫೋನ್ ನಂಬರ್ ಬರೆದ ಚೀಟಿ. ಕಾಣ್ದೆ ಹೋದ್ರೆ ಇದ್ದಲ್ಲೇ ಒಂದು ಮರ ಹಿಡ್ಕೊಂಡು ನಿಂತು ಸೀಟಿ ಊದು ಅಂತ ಹೊರಡೋ ಮುಂಚೆನೇ ಆಟದ ಥರ ಆಡ್ಸಿ.

ನಿಮ್ಮ ಬ್ಯಾಗಲ್ಲಿ ಓಆರ್‌ಎಸ್, ಡಾಕ್ಟ್ರು ಮಗುವಿನ ತೂಕಕ್ಕೆ ಬರೆದುಕೊಟ್ಟಿರೋ ಜ್ವರದ ಸಿರಪ್, ಬ್ಯಾಂಡೇಜು, ಮುಳ್ಳು ತೆಗೆಯೋ ಚಿಮುಟ. ಓಆರ್‌ಎಸ್ ಇಲ್ದಿದ್ರೆ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಆರು ಟೀ ಚಮಚ ಸಕ್ಕರೆ ಅರ್ಧ ಟೀ ಚಮಚ ಉಪ್ಪು, ಚಮಚದ ಅಂಚಿಗೆ ಸಮವಾಗಿ, ಗುಡ್ಡೆ ಅಲ್ಲ, ಉಪ್ಪು ಜಾಸ್ತಿ ಆಗಬಾರ್ದು. ಕಸ ಡಯಾಪರ್ ಎಲ್ಲಾ ಡಬಲ್ ಕವರಲ್ಲಿ ಕಟ್ಟಿ ಮನೆಗೇ ವಾಪಸ್ ತರೋದು, ಹೂತುಹಾಕಿದ್ರೆ ನಾಯಿ ನರಿ ಕೆದಕಿ ಹೊರಗೆ ತೆಗೀತವೆ, ತೋಟದೋರು ಮುಂದಿನ ಸಲ ಬನ್ನಿ ಅನ್ನಲ್ಲ.

ಮಳೆ ಬರೋ ಹಂಗಿದ್ರೆ, ಮಗುಗೆ ಹಿಂದಿನ ದಿನ ಸ್ವಲ್ಪ ಮೈ ಬೆಚ್ಚಗಿದ್ರೂ, ಕ್ಯಾನ್ಸಲ್ ಮಾಡಿ. ಬೆಟ್ಟ ಮುಂದಿನ ವಾರನೂ ಅಲ್ಲೇ ಇರತ್ತೆ. ನವೆಂಬರಲ್ಲಿ ಹಿಂಗಾರು ಮಳೆ ಇನ್ನೂ ಇರಬಹುದು, ಫೆಬ್ರವರಿ ಆದ್ಮೇಲೆ ಕಾಡೆಲ್ಲ ಒಣಗಿ ಬೆಂಕಿ ಭಯ, ಬಿಸಿಲೂ ಜೋರು, ಹಾಗಾಗಿ ಡಿಸೆಂಬರ್ ಜನವರಿ ಎರಡೇ ತಿಂಗಳು ನನ್ನ ಪಟ್ಟಿಯಲ್ಲಿರೋದು.

ಮನೆಗೆ ಬಂದ ತಕ್ಷಣ ಮಕ್ಕಳಿಗೆ ಬಿಸಿನೀರು ಸ್ನಾನ ಮಾಡಿಸ್ತಾ ಕಿವಿ ಹಿಂದೆ, ಕಂಕುಳು, ತೊಡೆ ಸಂದಿ, ತಲೆಗೂದಲು ಎಲ್ಲಾ ಉಣುಗು ಇದೆಯಾ ನೋಡಿ, ಇದ್ರೆ ಚಿಮುಟದಲ್ಲಿ ಚರ್ಮಕ್ಕೆ ತಾಗಿದಂಗೆ ಹಿಡಿದು ನಿಧಾನಕ್ಕೆ ನೇರ ಎಳೀರಿ, ಮುಂದಿನ ಒಂದೆರಡು ವಾರದಲ್ಲಿ ಜ್ವರ ಬಂದ್ರೆ ಡಾಕ್ಟ್ರಿಗೆ ಉಣುಗು ಕಚ್ಚಿತ್ತು ಅಂತ ಹೇಳಿ. ಬಟ್ಟೆಯೆಲ್ಲ ಸೀದಾ ನೆನೆಹಾಕಿ. ಟೆಂಟು ಒಣಗಿದಂಗೆ ಕಂಡ್ರೂ ತಳದಲ್ಲಿ ಮಂಜಿನ ತೇವ ಇದ್ದೇ ಇರತ್ತೆ, ಹಂಗೇ ಸುತ್ತಿಟ್ರೆ ಒಂದು ವಾರದಲ್ಲಿ ಬೂಷ್ಟು ಹಿಡಿದು ವಾಸನೆ ಬರತ್ತೆ, ಆ ವಾಸನೆ ಆಮೇಲೆ ಎಷ್ಟು ತೊಳೆದ್ರೂ ಹೋಗಲ್ಲ. ಟೆರೇಸ್ ಮೇಲೆ ತಲೆಕೆಳಗೆ ಮಾಡಿ ಒಂದು ಪೂರ್ತಿ ದಿನ ಬಿಸಿಲಿಗೆ ಹಾಕಿ, ಗೂಟ ಎಣಿಸಿ ಚೀಲಕ್ಕೆ ಹಾಕಿಡೋದು ಚಿಕ್ಕವನ ಕೆಲಸ.